ಮಂಡಕ್ಕಿ ಸಿಕ್ಕ ಫಿಯಟ್: ಆರು ತಿಂಗಳ ಲೆಕ್ಕ

ನವೆಂಬರ್, ಮೊದಲ ಭಾನುವಾರ

ಹಿಂದಿನ ಸೀಟು ಎತ್ತಿದೆ. ಮೊದಲು ಕಂಡಿದ್ದು ಮಂಡಕ್ಕಿ. ಒಂದು ಹಿಡಿಯಷ್ಟಿತ್ತು, ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಜೊತೆಗೆ 25 ಪೈಸೆಯ ನಾಣ್ಯ, ಒಂದು ಹೇರ್‌ಪಿನ್ನು, ಇಲಿ ತಿಂದು ಬಿಟ್ಟ ಅರ್ಧ ಲಗ್ನಪತ್ರಿಕೆ. ಈ ಕಾರು ನಮ್ಮ ಸೀಮೆಯದ್ದೇ ಅನ್ನೋಕೆ ಇನ್ನೇನು ಬೇಕು?

1992ರ ಪ್ರೀಮಿಯರ್ ಪದ್ಮಿನಿ. ನಮ್ಮ ಕಡೆ ಯಾರೂ ಪದ್ಮಿನಿ ಅನ್ನಲ್ಲ, ಫಿಯಟ್ ಅಂತಾರೆ. ಚಿತ್ರದುರ್ಗದ ಒಂದು ಮನೆಯ ಶೆಡ್‌ನಲ್ಲಿ ಒಂಬತ್ತು ವರ್ಷ ನಿಂತಿತ್ತು. ಯಜಮಾನರು ತೀರಿಕೊಂಡಿದ್ದರು. ಮಕ್ಕಳಿಗೆ ಶೆಡ್ ಬೇಕಿತ್ತು, ಕಾರು ಬೇಡವಾಗಿತ್ತು. 55,000ಕ್ಕೆ ಮಾತು ಮುಗಿಯಿತು. ನಂಬರು ಕೆಎ-16. "ದಾವಣಗೆರೆಯವನು ದುರ್ಗದ ನಂಬರ್ ತಂದಿದ್ದೀಯಲ್ಲೋ" ಅಂತ ಗೆಳೆಯರು ಕಾಲೆಳೆದರು. ಆಗ ದಾವಣಗೆರೆಯೇ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ ಅಂತ ಹೇಳಿ ಬಾಯಿ ಮುಚ್ಚಿಸಿದೆ.

ಹಳೇ ಕಾರು ಅಂದ ತಕ್ಷಣ ಜನ ಕೇಳೋದು, "ಕಾಂಟೆಸ್ಸಾ ಯಾಕೆ ತಗೊಳ್ಳಲಿಲ್ಲ?" ಕಾಂಟೆಸ್ಸಾ, ಆ ಕಾಲದ ದೊಡ್ಡ ಕಾರು, ನೋಡೋಕೆ ಚೆಂದ, ನಿಜ. ಅದರ ಬೆಲೆ, ಅದರ ಪೆಟ್ರೋಲ್ ದಾಹ ಎರಡೂ ನನ್ನ ಸಂಬಳಕ್ಕೆ ಒಗ್ಗಲ್ಲ. ಮಾರುತಿ 800ರ ಮೊದಲ ಮಾದರಿ, 1983ರ ಡಿಸೆಂಬರ್‌ನಲ್ಲಿ ಬಂತಲ್ಲ, ಅದೂ ಮನಸ್ಸಲ್ಲಿತ್ತು. ಆದರೆ ಚೆನ್ನಾಗಿರೋದು ಸಿಕ್ಕರೆ ಮಾರೋರು ಚಿನ್ನದ ರೇಟು ಹೇಳುತ್ತಾರೆ. ಫಿಯಟ್‌ಗೆ ಇನ್ನೂ ಆ ಹುಚ್ಚು ಅಷ್ಟಾಗಿ ಹಿಡಿದಿಲ್ಲ. 1089 ಸಿಸಿ, ನಾಲ್ಕು ಸಿಲಿಂಡರ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್. ಬಾನೆಟ್ ತೆಗೆದರೆ ಎಲ್ಲಾ ಕಣ್ಣಿಗೆ ಕಾಣುತ್ತೆ. ಕೈಯೂ ಹೋಗುತ್ತೆ. ನನಗೆ ಬೇಕಾಗಿದ್ದು ಅದು. ಶೋಗೆ ನಿಲ್ಲಿಸೋ ಕಾರಲ್ಲ, ಸಂತೆಗೆ ಹೋಗಿ ಬರೋ ಕಾರು.

ನವೆಂಬರ್ ಕೊನೆ

ಲಾರಿ ಮೇಲೆ ಮನೆಗೆ ಬಂತು. ಹಡದಿ ರಸ್ತೆ ಕಡೆ ನಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲಿ ತಗಡಿನ ಚಪ್ಪರ ಹಾಕಿದೆ. ಹೆಂಡತಿ ಒಂದೇ ಮಾತು ಹೇಳಿದಳು: "ಚಪ್ಪರಕ್ಕೆ ಎಷ್ಟಾಯ್ತು ಅನ್ನೋದನ್ನೂ ಕಾರಿನ ಲೆಕ್ಕಕ್ಕೇ ಬರೀರಿ." ಬರೆದೆ. 8,200.

ರಬ್ಬರ್ ಮ್ಯಾಟ್ ಎತ್ತಿದಾಗ ಎದೆ ಧಸಕ್ ಅಂತು. ಡ್ರೈವರ್ ಕಾಲಿನ ಜಾಗದಲ್ಲಿ ಅಂಗೈಯಗಲ ತೂತು. ಕೆಳಗಿನ ಹುಲ್ಲು ಕಾಣುತ್ತಿತ್ತು. ಮಳೆನೀರು ಗಾಜಿನ ಬೀಡಿಂಗ್‌ನಿಂದ ಇಳಿದು ಮ್ಯಾಟ್ ಅಡಿ ನಿಂತಿದೆ, ವರ್ಷಗಟ್ಟಲೆ. ಈ ಕಾರಿಗೆ ಲಾರಿ, ಜೀಪಿನ ಹಾಗೆ ಬೇರೆ ಚಾಸಿ, ಅಂದರೆ ಅಡಿಯ ಚೌಕಟ್ಟು, ಇಲ್ಲ. ಬಾಡಿಯೇ ಚಾಸಿ. ಅದಕ್ಕೇ ಫ್ಲೋರ್ ತುಕ್ಕು ಹಿಡಿದರೆ ಸುಮ್ನೆ ಪುಟ್ಟಿ ಮೆತ್ತಿ ಬಿಡೋ ಹಾಗಿಲ್ಲ. ಹಳೇ ಕಾರು ನೋಡೋಕೆ ಹೋಗೋರು ಬಣ್ಣ ನೋಡಬೇಡಿ, ಮೊದಲು ಮ್ಯಾಟ್ ಎತ್ತಿ ನೋಡಿ. ನಾನು ಎತ್ತಿರಲಿಲ್ಲ.

ಡಿಸೆಂಬರ್

ಟಿಂಕರಿಂಗ್‌ಗೆ ಮೊದಲು ಕೊಟ್ಟ ಕಡೆ ಎರಡು ವಾರ ಕಾರು ಮುಟ್ಟಲೇ ಇಲ್ಲ. ಮೂರನೇ ವಾರ ಹೋಗಿ ನೋಡಿದರೆ ತೂತಿನ ಮೇಲೆ ತಗಡು ಇಟ್ಟು ಸುತ್ತ ಪುಟ್ಟಿ ತುಂಬಿದ್ದರು. ಜಗಳ ಆಡಲಿಲ್ಲ. ಕೊಟ್ಟ ಮುಂಗಡ ಬಿಟ್ಟು ಕಾರು ಎಳೆದುಕೊಂಡು ಬಂದೆ. ಆಮೇಲೆ ಸಿಕ್ಕ ಮೇಸ್ತ್ರಿಗೆ ಎಪ್ಪತ್ತು ದಾಟಿರಬೇಕು. ಮಾತು ಕಡಿಮೆ. ಸುತ್ತಿಗೆ ತುದಿಯಿಂದ ಫ್ಲೋರ್ ತುಂಬಾ ಕುಟ್ಟುತ್ತಾ ಹೋದರು. ಗಟ್ಟಿ ಇದ್ದಲ್ಲಿ ಟಣ್ ಅನ್ನೋದು, ತುಕ್ಕು ಹಿಡಿದಲ್ಲಿ ದಪ್ ಅನ್ನೋದು. ದಪ್ ಅಂದಲ್ಲೆಲ್ಲಾ ಸೀಮೆಸುಣ್ಣದ ಗೆರೆ ಎಳೆದರು. ಗೆರೆ ಒಳಗಿನದೆಲ್ಲಾ ಕತ್ತರಿಸಿ, ಹೊಸ ಶೀಟು ಕೂರಿಸಿ ಬೆಸೆದರು. ಕೂಲಿ, ಶೀಟು ಸೇರಿ 17,000.

ಬಣ್ಣ ಹೊಡಿಸಲಿಲ್ಲ. ಇದು ನನ್ನ ಹಟ. ಕ್ರೀಮ್ ಬಣ್ಣ ಅಲ್ಲಲ್ಲಿ ಮಾಸಿದೆ, ಎಡಗಡೆ ಬಾಗಿಲಲ್ಲಿ ಸೈಕಲ್ ಹ್ಯಾಂಡಲ್ ಗೀಚಿದ ಗೆರೆ ಇದೆ. ಇರಲಿ. ಫಳಫಳ ಹೊಳೆಯೋ ಬಣ್ಣ ಹೊಡಿಸಿದ ಮೇಲೆ ಮಂಡಿಪೇಟೆಯಲ್ಲಿ ಕಾರು ನಿಲ್ಲಿಸೋಕೆ ಧೈರ್ಯ ಬರುತ್ತಾ?

ಜನವರಿ, ಸಂಕ್ರಾಂತಿ ಆದಮೇಲೆ

ಎಂಜಿನ್ ಕೆಲಸ ನನ್ನದೇ. ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರ್‌ಗೂ ಒಂದೊಂದು ಚಮಚ ಎಣ್ಣೆ ಬಿಟ್ಟೆ, ಎರಡು ದಿನ ಹಾಗೇ ಬಿಟ್ಟೆ. ಒಂಬತ್ತು ವರ್ಷ ನಿಂತ ಎಂಜಿನ್ ಅನ್ನು ಒಮ್ಮೆಲೇ ಸೆಲ್ಫ್ ಹೊಡೆದರೆ ಪಿಸ್ಟನ್‌ನ ಒಣ ರಿಂಗು ಸಿಲಿಂಡರ್ ಗೀರುತ್ತೆ. ಟಾಪ್ ಗೇರ್‌ಗೆ ಹಾಕಿ ಕಾರನ್ನೇ ಮೆಲ್ಲಗೆ ತಳ್ಳಿದೆ. ಎಂಜಿನ್ ತಿರುಗಿತು. ಅವತ್ತು ರಾತ್ರಿ ನಿದ್ದೆ ಚೆನ್ನಾಗಿ ಬಂತು.

ಪೆಟ್ರೋಲ್‌ಗೆ ಗಾಳಿ ಬೆರೆಸೋ ಕಾರ್ಬುರೇಟರನ್ನು ಪೇಪರ್ ಹಾಸಿ ಬಿಚ್ಚಿದೆ. ಫ್ಲೋಟ್ ಇರೋ ಬಟ್ಟಲಿನ ತಳದಲ್ಲಿ ಹಳೇ ಪೆಟ್ರೋಲ್ ಒಣಗಿ ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿತ್ತು. ವಾಸನೆ ಮಾತ್ರ ವಾರ್ನಿಷ್‌ದು. ಪೆಟ್ರೋಲ್ ಹಾಯೋ ಮೇನ್ ಜೆಟ್ ಹಿತ್ತಾಳೆಯದು, ಅದರ ತೂತು ಸೂಜಿಮೊನೆಯಷ್ಟು. ಬೆಳಕಿಗೆ ಹಿಡಿದರೆ ಏನೂ ಕಾಣಲಿಲ್ಲ, ಪೂರ್ತಿ ಕಟ್ಟಿತ್ತು. ತಂತಿ ಹಾಕಿ ಚುಚ್ಚೋಣ ಅನ್ನಿಸಿತು. ಆ ತಪ್ಪು ಹಿಂದೆ ಸ್ಕೂಟರ್‌ನಲ್ಲಿ ಮಾಡಿದ್ದೆ. ಹಿತ್ತಾಳೆ ಮೆತ್ತಗೆ, ತೂತು ದೊಡ್ಡದಾಗಿ ಆಮೇಲೆ ಪೆಟ್ರೋಲ್ ಜಾಸ್ತಿ ಕುಡಿಯುತ್ತೆ. ಈ ಸಲ ಥಿನ್ನರ್‌ನಲ್ಲಿ ರಾತ್ರಿಯಿಡೀ ನೆನೆಸಿ, ಗಾಳದ ನೈಲಾನ್ ದಾರದಿಂದ ಉಜ್ಜಿದೆ. ಬೆಳಗ್ಗೆ ಸೂರ್ಯನಿಗೆ ಹಿಡಿದರೆ ಸಾಸಿವೆಗಿಂತ ಸಣ್ಣ ಬೆಳಕಿನ ಚುಕ್ಕಿ. ಮಗಳನ್ನು ಕರೆದು ತೋರಿಸಿದೆ. "ಇಷ್ಟೇನಾ?" ಅಂದಳು.

ಇನ್ನು ರಬ್ಬರ್. ಈಗ ಬಂಕ್‌ನಲ್ಲಿ ಸಿಗೋ ಪೆಟ್ರೋಲ್‌ನಲ್ಲಿ ಶೇ 20 ಎಥೆನಾಲ್. ಆ ಕಾಲದ ಪೈಪು, ಟ್ಯಾಂಕ್‌ನಿಂದ ಪೆಟ್ರೋಲ್ ಎಳೆಯೋ ಪಂಪಿನ ಡಯಾಫ್ರಾಮ್ (ಒಳಗಿನ ರಬ್ಬರ್ ಪರದೆ) ಇದಕ್ಕೆ ಮಾಡಿದ್ದಲ್ಲ. ಊದುತ್ತವೆ, ಇಲ್ಲಾ ಬಿರುಕು ಬಿಡುತ್ತವೆ. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತೆ, ಅದಕ್ಕೇ ತಿಂಗಳುಗಟ್ಟಲೆ ಟ್ಯಾಂಕ್‌ನಲ್ಲಿ ಬಿಟ್ಟರೆ ಒಳಗೆ ತುಕ್ಕು. ಬೆಂಗಳೂರಿನ ಜೆಸಿ ರಸ್ತೆಗೆ ಹೋಗಿ ಪಂಪ್ ಕಿಟ್, ಕಿಡಿ ಹುಟ್ಟೋಕೆ ಬೇಕಾದ ಪಾಯಿಂಟ್, ಕಂಡೆನ್ಸರ್, ನಾಲ್ಕೂ ಚಕ್ರದ ಬ್ರೇಕ್ ಸಿಲಿಂಡರ್ ಕಿಟ್ ತಂದೆ. ಬಸ್ ಚಾರ್ಜು, ಊಟ ಸೇರಿ 6,400.

ಫೆಬ್ರವರಿ 8

ಇವತ್ತಿನ ಕತೆ ಹೇಳೋಕೆ ನಾಚಿಕೆ. ಆದರೂ ಬರೀತೀನಿ.

ನಾಲ್ಕೂ ಪ್ಲಗ್‌ಗೆ ಸರದಿಯಂತೆ ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ಒರೆಸೋಕೆ ಪ್ಲಗ್ ವೈರು ನಾಲ್ಕೂ ಕಿತ್ತಿದ್ದೆ. ವಾಪಸ್ ಹಾಕುವಾಗ 1, 2, 3, 4 ಅಂತ ಸಾಲಾಗಿ ಹಾಕಿದೆ. ಸೆಲ್ಫ್ ಹೊಡೆದೆ. ಕಾರ್ಬುರೇಟರ್ ಬಾಯಿಂದ ಢಂ ಅಂತ ಬೆಂಕಿ. ಏರ್ ಫಿಲ್ಟರ್ ಹಾಕಿರಲಿಲ್ಲ, ಸದ್ಯ ಹುಬ್ಬು ಉಳಿಯಿತು. ಎದುರು ಮನೆ ಅಜ್ಜಿ ಗ್ಯಾಸ್ ಸಿಲಿಂಡರೇ ಹೊಡೀತು ಅಂದುಕೊಂಡು ಬೀದಿಗೆ ಬಂದರು.

ಈ ಎಂಜಿನ್ ಕಿಡಿ ಹೊಡೆಯೋ ಸರದಿ 1, 3, 4, 2. ಸಾಲಾಗಿ ಅಲ್ಲ. ಒಂದು ಸಿಲಿಂಡರ್‌ನ ವಾಲ್ವ್ ಇನ್ನೂ ತೆರೆದಿರುವಾಗಲೇ ಅಲ್ಲಿಗೆ ಕಿಡಿ ಬಿದ್ದರೆ ಬೆಂಕಿ ಬಂದ ದಾರಿಯಲ್ಲೇ ಹಿಂದೆ ಬರುತ್ತೆ. ಪುಸ್ತಕದಲ್ಲಿ ಓದಿದ್ದು ಬೇರೆ, ಮುಖದ ಮುಂದೆ ನೋಡಿದ್ದು ಬೇರೆ. ವೈರು ಬದಲಿಸಿ, ಚೋಕ್ ಎಳೆದು, ಮತ್ತೆ ಹೊಡೆದೆ. ಎರಡು ಸಲ ಕೆಮ್ಮಿತು. ಮೂರನೇ ಸಲಕ್ಕೆ ಹಿಡಿದುಕೊಂಡಿತು. ಸೈಲೆನ್ಸರ್‌ನಿಂದ ಬಿಳಿ ಹೊಗೆ, ಅದರ ಜೊತೆ ಇಲಿಗೂಡಿನ ಹತ್ತಿ. ಹತ್ತಿ ಮಿಲ್ಲಿನ ಊರಲ್ವಾ ನಮ್ಮದು.

ಮಾರ್ಚ್

ಬ್ರೇಕ್, ಟೈರು, ವೈರಿಂಗ್ ಮುಗಿಯಿತು. ಬರೆಯೋಕೆ ಅಂಥದ್ದೇನಿಲ್ಲ, ಖರ್ಚು ಮಾತ್ರ ಇದೆ: 27,500.

ಕಾಗದದ ಕೆಲಸ ಬೇರೆ. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 10,000. ವಿಂಟೇಜ್ ಅಂತ ಮಾಡಿಸಬಾರದಾ ಅಂತ ಕೆಲವರು ಕೇಳಿದರು. ವಿಂಟೇಜ್ ಆಗೋಕೆ 50 ವರ್ಷ ತುಂಬಬೇಕು, ನಮ್ಮದಕ್ಕೆ 2042. ಆದರೂ ಆ ನಂಬರ್ ಬಂದರೆ ದಿನಾ ಓಡಿಸೋ ಹಾಗಿಲ್ಲ. ನನಗೆ ಬೇಡ.

ಏಪ್ರಿಲ್, ಎರಡನೇ ಶನಿವಾರ

ಮೊದಲ ದೂರದ ಓಟ, ಚಿತ್ರದುರ್ಗಕ್ಕೆ. ಹೆದ್ದಾರಿಯಲ್ಲಿ 60ಕ್ಕಿಂತ ಜಾಸ್ತಿ ಓಡಿಸಲಿಲ್ಲ. ಎಡಗಡೆ ಅಂಚಿಗೆ ಇಟ್ಟುಕೊಂಡು ಹೊರಟೆ. ಲಾರಿಯವರೆಲ್ಲಾ ದಾಟಿ ಹೋಗುತ್ತಾ ಹಾರ್ನ್ ಹೊಡೆದು ಕೈ ಬೀಸಿದರು. ಆನಗೋಡು ದಾಟಿತು, ಹೆಬ್ಬಾಳು ಟೋಲ್ ದಾಟಿತು. ಭರಮಸಾಗರ ಹತ್ತಿರ ಜಗ್ಗೋಕೆ ಶುರು. ಆಮೇಲೆ ನಿಂತೇ ಬಿಟ್ಟಿತು.

ಮಧ್ಯಾಹ್ನ ಹನ್ನೆರಡೂವರೆ, ಬಿಸಿಲು ಕೇಳಬೇಡಿ. ಪಂಪು ಎಂಜಿನ್‌ಗೇ ಅಂಟಿಕೊಂಡಿರೋದರಿಂದ ಕಾದು, ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿತ್ತು. ಪಂಪು ಆವಿಯನ್ನು ಎಳೆಯಲಾರದು. ನಾನು ಸ್ಪ್ಯಾನರ್ ಹುಡುಕುತ್ತಿದ್ದೆ. ಪಕ್ಕದಲ್ಲಿ ಎಳನೀರು ಮಾರುತ್ತಿದ್ದವರು ಬಂದು, ಹೆಗಲ ಟವೆಲ್ ಒದ್ದೆ ಮಾಡಿ ಪಂಪಿಗೆ ಸುತ್ತಿದರು. "ಹತ್ತು ನಿಮಿಷ ಕೂತ್ಕೊಳ್ಳಿ ಸಾರ್. ನಮ್ಮ ಮಾವ ಟ್ಯಾಕ್ಸಿ ಹೊಡೀತಿದ್ದ, ಫಿಯಟ್‌ದೇ." ಎಳನೀರು ಕುಡಿದು ಮುಗಿಸುವ ಹೊತ್ತಿಗೆ ಕಾರು ರೆಡಿ. ಟವೆಲ್ ವಾಪಸ್ ಕೊಡೋಕೆ ಹೋದರೆ ತಗೊಳ್ಳಲಿಲ್ಲ, ದುರ್ಗದವರೆಗೂ ಬೇಕಾಗುತ್ತೆ ಅಂದರು. ಬೇಕಾಯಿತು. ಗುಡ್ಡದ ಮೇಲೆ ಗಾಳಿಯಂತ್ರಗಳು ಕಾಣೋ ಹೊತ್ತಿಗೆ ಇನ್ನೊಂದು ಸಲ ನೆನೆಸಿದೆ. ಈಗ ಪಂಪಿಗೂ ಎಂಜಿನ್‌ಗೂ ಮಧ್ಯೆ ದಪ್ಪ ಪ್ಯಾಕಿಂಗ್ ಹಾಕಬೇಕು, ಪೈಪನ್ನು ಸೈಲೆನ್ಸರ್‌ನಿಂದ ದೂರ ಸರಿಸಬೇಕು.

ಇಲ್ಲಿಯವರೆಗಿನ ಖರ್ಚು, ಕಾರು, ಚಪ್ಪರ, ಶುಲ್ಕ ಎಲ್ಲಾ ಸೇರಿ 1,24,100. ಬಿಟ್ಟು ಬಂದ ಮುಂಗಡ ಇದರಲ್ಲಿಲ್ಲ. ಅದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಹಿಂದಿನ ಎಡ ಬಾಗಿಲು ಒಳಗಿನಿಂದ ತೆಗೆಯೋಕೆ ಬರಲ್ಲ. ಮಗಳು ಇಳಿಯಬೇಕಾದರೆ ನಾನು ಇಳಿದು ಬಂದು, ಡ್ರೈವರ್ ಥರ, ಹೊರಗಿನಿಂದ ತೆಗೀಬೇಕು. ಅವಳಿಗೆ ಅದು ಬಹಳ ಇಷ್ಟ. ಹರಿಹರದ ಗುಜರಿಯಲ್ಲಿ ಒಂದು ಬಾಗಿಲು ಇದೆಯಂತೆ, ಲಾಕ್ ಸಮೇತ. ಬಣ್ಣ ಹಸಿರು. 1,500 ಹೇಳ್ತಿದ್ದಾರೆ, ಭಾನುವಾರ ಹೋಗಿ ಸಾವಿರಕ್ಕೆ ಕೇಳ್ತೀನಿ.