ಮಳೆ ರಜೆಯಲ್ಲಿ ಹತ್ತು ಗ್ರೂವ್

ಮಳೆ ರಜೆ ಅಂದರೆ ಮಕ್ಕಳಿಗೆ ಮಾತ್ರ ಖುಷಿ ಅಂದುಕೊಳ್ಳಬೇಡಿ. ಮೇಷ್ಟ್ರುಗಳಿಗೂ ಅಷ್ಟೇ ಖುಷಿ, ತೋರಿಸಿಕೊಳ್ಳಲ್ಲ ಅಷ್ಟೆ. ಜುಲೈ ತಿಂಗಳು. ಸಕಲೇಶಪುರದಲ್ಲಿ ಮೂರು ದಿನದಿಂದ ಬಿಡದೆ ಸುರಿಯುತ್ತಿತ್ತು. ಬೆಳಗ್ಗೆ ಆರೂವರೆಗೆ ವಾಟ್ಸಾಪ್‌ನಲ್ಲಿ ರಜೆ ಆದೇಶ ಬಂತು. ಏಳಕ್ಕೆಲ್ಲ ನಾನು ಮನೆ ಹಿಂದಿನ ಶೆಡ್ಡಿನಲ್ಲಿದ್ದೆ.

ಅಲ್ಲಿ ಏಳು ಸಿಲ್ವರ್ ಓಕ್ ಹಲಗೆಗಳು ನನಗಾಗಿ ಕಾಯುತ್ತಿದ್ದವು. ಮಾವನ ತೋಟದಲ್ಲಿ ಗಾಳಿಗೆ ಬಿದ್ದ ಮರ. ನಮ್ಮ ಕಡೆ ಕಾಫಿಗೆ ನೆರಳು, ಮೆಣಸಿನ ಬಳ್ಳಿಗೆ ಆಸರೆ ಅಂತ ಎಲ್ಲರ ತೋಟದಲ್ಲೂ ಇರುತ್ತಲ್ಲ, ಅದೇ. ಹೆಸರಲ್ಲಿ ಓಕ್ ಇದ್ದರೂ ಓಕ್ ಜಾತಿಯದ್ದಲ್ಲ, ಆಸ್ಟ್ರೇಲಿಯಾದಿಂದ ಬಂದದ್ದು. ಸಾಮಿಲ್‌ನಲ್ಲಿ ಸೀಳಿಸಿ ಒಂದು ವರ್ಷ ಅಟ್ಟದ ಮೇಲೆ ಒಣಗಿಸಿದ್ದೆ. ಮಗಳಿಗೆ ಪುಸ್ತಕದ ಕಪಾಟು ಮಾಡಿಕೊಡ್ತೀನಿ ಅಂತ ಹೇಳಿಯೂ ಒಂದು ವರ್ಷ ಆಗಿತ್ತು.

ಪಕ್ಕಕ್ಕೆ ಎರಡು ಹಲಗೆ, ನಡುವೆ ಐದು ಅಡ್ಡ ಹಲಗೆ. ಅಡ್ಡ ಹಲಗೆಯ ತುದಿ ಕೂರಲು ಪಕ್ಕದ ಹಲಗೆಯಲ್ಲಿ ಗ್ರೂವ್, ಅಂದರೆ ಕಾಲುವೆಯಂಥ ತೋಡು ಹೊಡೆಯಬೇಕು. ಒಟ್ಟು ಹತ್ತು. ನನ್ನ ಹತ್ತಿರ ಇರುವುದು ಕೈಯಲ್ಲಿ ಹಿಡಿಯುವ ಚಿಕ್ಕ ರೂಟರ್, ಮರ ಕೊರೆಯುವ ಕರೆಂಟ್ ಮೆಷಿನ್. ಬಡಗಿಗಳು ಟ್ರಿಮ್ಮರ್ ಅಂತಾರೆ, ಅದರ ಬಾಯಿಗೆ ಕಾಲು ಇಂಚು ದಪ್ಪದ ಕಾಂಡ ಇರುವ ಬಿಟ್, ಅಂದರೆ ತಿರುಗುತ್ತ ಮರ ಕೊರೆಯುವ ತುಂಡು, ಕೂರುತ್ತದೆ. ಅದು ಅತ್ತಿತ್ತ ಹೋಗದಂತೆ 19 ಮಿ.ಮೀ. ಅಗಲದ ಒಂದು ಚೌಕಟ್ಟು (ಜಿಗ್ ಅಂತಾರೆ) ಮಾಡಿ, ಬೇಡದ ಹಲಗೆಯೊಂದರಲ್ಲಿ ಮೊದಲೇ ಪ್ರಯೋಗ ಮಾಡಿದ್ದೆ. ಒಂದು ಅಡ್ಡ ಹಲಗೆ ಗ್ರೂವಿನಲ್ಲಿ ಗಡಗಡ ಅಂತು. ಇನ್ನೊಂದು ಒಳಗೇ ಹೋಗಲಿಲ್ಲ. ಅಳೆದು ನೋಡಿದರೆ ಒಂದು 18, ಒಂದು 20, ಮತ್ತೊಂದು ಒಂದು ತುದಿಗೆ 19, ಇನ್ನೊಂದು ತುದಿಗೆ ಹತ್ತೊಂಬತ್ತೂವರೆ.

ಪಕ್ಕದ ಬೀದಿಯ ಆಚಾರ್ರು ಅದನ್ನು ನೋಡಿ ನಕ್ಕಿದ್ದರು. "ಮೇಷ್ಟ್ರೇ, ಮರಕ್ಕೆ ನಿಮ್ಮ ಲೆಕ್ಕ ಗೊತ್ತಿಲ್ಲ. ನಾವು ಟೇಪು ಹಿಡಿಯೋದೇ ಇಲ್ಲ. ಹಲಗೇನೇ ನಿಲ್ಸಿ ಎರಡೂ ಕಡೆ ಗೆರೆ ಹೊಡೀತೀವಿ, ಆಮೇಲೆ ಉಳಿ."

ಹಲಗೆಯನ್ನೇ ನಿಲ್ಲಿಸುವುದು. ಅದನ್ನೇ ಜಿಗ್ಗಿನಲ್ಲೂ ಮಾಡಬಹುದಲ್ವಾ?

ಮಾಡಿದ್ದು ಇಷ್ಟೇ. 18 ಮಿ.ಮೀ. ಪ್ಲೈವುಡ್ಡಿನ ಎರಡು ನೇರ ಪಟ್ಟಿ. ಎರಡೂ ತುದಿಯಲ್ಲಿ ಅಡ್ಡಪಟ್ಟಿ. ಒಂದು ಉದ್ದಪಟ್ಟಿಯನ್ನು ಮೂಲೆಮಟ್ಟ ಇಟ್ಟು ಸ್ಕ್ರೂ ಹೊಡೆದು ಕೂರಿಸಿದೆ. ಇನ್ನೊಂದು ಅಡ್ಡಪಟ್ಟಿಯ ಸೀಳಿನಲ್ಲಿ ಬೋಲ್ಟಿನ ಮೇಲೆ ಜರುಗುತ್ತದೆ. ಎರಡರ ನಡುವೆ ಅಡ್ಡ ಹಲಗೆಯ ತುದಿಯನ್ನೇ ನಿಲ್ಲಿಸಿ, ಜರುಗುವ ಪಟ್ಟಿಯನ್ನು ಅದಕ್ಕೆ ತಾಗಿಸಿ ನಟ್ ಬಿಗಿ ಮಾಡಿದರೆ ಆಯಿತು. ಸಂಖ್ಯೆಯ ಮಾತೇ ಇಲ್ಲ. ಇದಕ್ಕೆ ಹಾಕುವ ಬಿಟ್ಟಿನ ಮೇಲ್ಭಾಗದಲ್ಲಿ ಅದರಷ್ಟೇ ಅಗಲದ ಬೇರಿಂಗ್ ಇರುತ್ತದೆ. ಅದು ಪಟ್ಟಿಗೆ ಒರಗಿ ಉರುಳುತ್ತದೆ, ಹಾಗಾಗಿ ನಡುವೆ ಎಷ್ಟು ಜಾಗವೋ ಅಷ್ಟೇ ಗ್ರೂವ್. ತೀರಾ ಬಿಗಿಯಾಗದಿರಲಿ ಅಂತ ಹಲಗೆಯ ಜೊತೆ ಒಂದು ಉತ್ತರ ಪತ್ರಿಕೆಯ ಹಾಳೆಯನ್ನೂ ಸಿಕ್ಕಿಸುತ್ತಿದ್ದೆ. ಬರೆಯದೇ ಉಳಿದ ಹಾಳೆ, ಗಾಬರಿ ಬೇಡ.

ಮೊದಲ ಸಲ ಗಣಿತದ ಮೇಷ್ಟ್ರ ಮಾನ ಹೋಯಿತು. ನಾನು ಕೊಂಡಿದ್ದ ಬಿಟ್ಟಿನ ಅಲಗು 25 ಮಿ.ಮೀ. ಉದ್ದ. ಗ್ರೂವ್ ಬೇಕಿದ್ದು 6 ಮಿ.ಮೀ. ಆಳ. 25ರಲ್ಲಿ 6 ಕಳೆದರೆ 19, ನನ್ನ ಪಟ್ಟಿ ಇರುವುದು 18. ಬೇರಿಂಗ್ ಪಟ್ಟಿಗಿಂತ ಮೇಲೆ ಗಾಳಿಯಲ್ಲಿ ತಿರುಗುತ್ತಿತ್ತು, ಅಲಗು ಜಿಗ್ಗನ್ನೇ ತಿಂದಿತು. ನಾಲ್ಕನೇ ಕ್ಲಾಸಿನ ಕಳೆಯುವ ಲೆಕ್ಕ! ಹೊಸ ಪಟ್ಟಿ ಕತ್ತರಿಸಿ, 12 ಮಿ.ಮೀ. ಅಲಗಿನ ಗಿಡ್ಡ ಬಿಟ್ ತರಿಸಿದ್ದಾಯಿತು.

ಆ ಮಳೆ ರಜೆಯ ದಿನ ಅದೇ ಹೊಸ ಬಿಟ್ಟಿನ ಮೊದಲ ದಿನ. ಎರಡೂ ಪಕ್ಕದ ಹಲಗೆ ಜೋಡಿಸಿಟ್ಟು ಒಟ್ಟಿಗೇ ಗೆರೆ ಎಳೆದೆ. ಜರುಗದ ಪಟ್ಟಿ ಯಾವಾಗಲೂ ಗೆರೆಯ ಮೇಲೆ, ಅಂದರೆ ಅಡ್ಡ ಹಲಗೆಯ ಕೆಳಮೈ ಬರುವ ಕಡೆ. ದಪ್ಪದ ವ್ಯತ್ಯಾಸ ಎಲ್ಲ ಮೇಲಕ್ಕೆ ಹೋಗುತ್ತದೆ, ಹಲಗೆ ಓರೆಯಾಗಿ ಕೂರಲ್ಲ. ಕ್ಲಾಂಪ್ ಬಿಗಿದು ಶುರು ಮಾಡಿದೆ. ಮೊದಲು 3 ಮಿ.ಮೀ., ಆಮೇಲೆ ಇನ್ನು 3. ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತದೆ. ಅದಕ್ಕೇ ಮುಂದೆ ಹೋಗುವಾಗ ಎಡಪಟ್ಟಿಗೆ, ಹಿಂದೆ ಬರುವಾಗ ಬಲಪಟ್ಟಿಗೆ ಒತ್ತಿಕೊಂಡು ಬರಬೇಕು. ಆಗ ಬಿಟ್ ತಾನಾಗಿಯೇ ಪಟ್ಟಿಯ ಕಡೆಗೆ ಎಳೆಯುತ್ತದೆ. ಉಲ್ಟಾ ಮಾಡಿದರೆ ಮೆಷಿನ್ನು ಕೈಯಿಂದ ಕಿತ್ತುಕೊಂಡು ಓಡುತ್ತದೆ. ಬಿಟ್ ಹೊರಬರುವ ಅಂಚಿನಲ್ಲಿ ಸಿಬಿರು ಏಳದಿರಲಿ ಅಂತ ಒಂದು ಬೇಡದ ತುಂಡನ್ನು ಒತ್ತಿ ಹಿಡಿಸಿದ್ದೆ.

ಎರಡು ಗ್ರೂವ್ ಮುಗಿದಿತ್ತು. ಮೂರನೆಯದರ ಅರ್ಧದಲ್ಲಿ ಕರೆಂಟ್ ಹೋಯಿತು. ಮಳೆಗಾಲದಲ್ಲಿ ಅದು ಸುದ್ದಿಯೇ ಅಲ್ಲ. ಮೆಷಿನ್ ಎತ್ತಿ ಹಲಗೆಯ ಮೇಲೆ ಅಡ್ಡ ಮಲಗಿಸಿ ಕಾಫಿಗೆ ಹೋದೆ. ಸ್ವಿಚ್ಚು ಆನ್ ಆಗಿಯೇ ಇತ್ತು. ನನ್ನದು ತಳ್ಳುವ ಸ್ವಿಚ್ಚು, ಒಮ್ಮೆ ತಳ್ಳಿದರೆ ಅಲ್ಲೇ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟು ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ, ಬಲ್ಬು ಹತ್ತಿತು, ಜೊತೆಗೇ ಶೆಡ್ಡಿನೊಳಗೆ ಕಿರ್‌ರ್ ಅಂತ ಕೂಗು. ಮೆಷಿನ್ನು ಹಾವು ಹೊರಳಿದ ಹಾಗೆ ಹೊರಳಿ, ಹಲಗೆಯ ಅಂಚು ಕಚ್ಚಿ, ಕೆಳಗೆ ಬಿದ್ದು ಸಿಮೆಂಟ್ ನೆಲದ ಮೇಲೆ ಕುಣಿಯಿತು. ಓಡಿಹೋಗಿ ಗೋಡೆಯ ಸ್ವಿಚ್ಚು ಆರಿಸಿದೆ. ಕೈ ನಡುಗುತ್ತಿತ್ತು, ಕಾಫಿ ಅರ್ಧ ಪಂಚೆ ಮೇಲೆ. ಆ ಹೊತ್ತಿಗೆ ಮೆಷಿನ್ ಹತ್ತಿರ ಕೈ ಇಟ್ಟಿದ್ದರೆ ಅನ್ನೋದನ್ನು ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ಹಲಗೆಯ ಅಂಚಲ್ಲಿ ಎರಡು ಬೆರಳಗಲ ಕಚ್ಚಾಗಿದೆ. ಅದೃಷ್ಟಕ್ಕೆ ಗೋಡೆ ಕಡೆಗೆ ಬರುವ ಅಂಚು. ಬಿಟ್ಟಿನ ತುದಿಯೂ ಸಣ್ಣಗೆ ಒಡೆದಿತ್ತು. ಜೊತೆಗೆ ತರಿಸಿದ್ದ ಇನ್ನೊಂದು ಬಿಟ್ ಹಾಕಿಕೊಂಡು, ಪ್ರತಿ ಸಲ ಪ್ಲಗ್ ಕಿತ್ತು, ಉಳಿದ ಎಂಟನ್ನು ಸಂಜೆವರೆಗೆ ಮುಗಿಸಿದೆ. ಹತ್ತು ಸಲ ನಟ್ ಸಡಿಲಿಸಿದ್ದು, ಹತ್ತು ಸಲ ಬಿಗಿದದ್ದು. ಯಾವ ತುದಿ ಯಾವ ಗ್ರೂವಿಗೆ ಅಂತ ಪೆನ್ಸಿಲ್ಲಿನಲ್ಲಿ ನಂಬರ್ ಬರೆದಿಟ್ಟೆ. ಮುಂಗೈ ಎಲ್ಲ ಕೆರೆತ. ಸಿಲ್ವರ್ ಓಕಿನ ಪುಡಿ ಕೆಲವರ ಚರ್ಮಕ್ಕೆ ಆಗಿಬರಲ್ಲ, ನಾನೂ ಆ ಪೈಕಿ ಅಂತ ಆವತ್ತು ಗೊತ್ತಾಯಿತು.

ಸಂಜೆ ಆಚಾರ್ರು ಕೊಡೆ ಹಿಡಿದು ಬಂದರು. ಮೂರನೇ ಹಲಗೆ ಗ್ರೂವಿಗಿಟ್ಟು ಕೊಡತಿಯಲ್ಲಿ ಎರಡೇ ಏಟು ಹಾಕಿದರು. ಕೂತಿತು. ಸಂದಿಗೆ ಉಗುರು ತೂರಿಸಲು ನೋಡಿದರು, ಹೋಗಲಿಲ್ಲ. ನಾನು ಫೆವಿಕಾಲ್ ಡಬ್ಬಕ್ಕೆ ಕೈ ಹಾಕಿದೆ.

"ಇವತ್ತು ಬೇಡ. ಮಳೆಗೆ ಹಲಗೆ ಉಬ್ಬಿರ್ತದೆ. ಈಗ ಬಿಗಿ, ಮಾರ್ಚಲ್ಲಿ ಮತ್ತೆ ಗಡಗಡ."

"ಹಂಗಾದ್ರೆ ಗ್ರೂವ್?"

"ಗ್ರೂವ್ ಮರದ ಎಳೆಗೆ ಅಡ್ಡ ಹೊಡೆದಿದ್ದೀರಲ್ಲ, ಅದರ ಅಗಲ ಜಾಸ್ತಿ ಕದಲಲ್ಲ. ಕದಲೋದು ಈ ಹಲಗೆಯ ದಪ್ಪ. ಒಣಗಲಿ, ಆಮೇಲೆ ನೋಡಿ."

ನಾಳೆಯೂ ರಜೆ ಅಂತ ರಾತ್ರಿಯೇ ಸಂದೇಶ ಬಂತು. ಕಪಾಟು ಈಗ ನಡುಮನೆಯಲ್ಲಿ ಅಂಟಿಲ್ಲದೆ, ಎರಡು ಸುತ್ತು ಹಗ್ಗ ಬಿಗಿಸಿಕೊಂಡು ನಿಂತಿದೆ. ಫೆವಿಕಾಲ್ ಡಬ್ಬ ಇನ್ನೂ ಒಡೆದಿಲ್ಲ.