ತತ್ವಪದಗಳ ಮಿಕ್ಸಿಂಗ್: ತಾಳ ಕೂರಿಸುವ ಕೆಲಸ, ಕಿವಿಗೆ ಬಿಡುವು

ಕೊಪ್ಪಳದ ನಮ್ಮ ಓಣಿಯ ಭಜನಾ ಮೇಳದ ರೆಕಾರ್ಡಿಂಗ್ ಮುಗಿದಿದೆ. ಈಗ ಮಿಕ್ಸಿಂಗ್, ಅಂದರೆ ದನಿ, ವಾದ್ಯಗಳ ಸದ್ದನ್ನು ಹದವಾಗಿ ಬೆರೆಸುವ ಕೆಲಸ. ಏಕತಾರಿ, ಹಾರ್ಮೋನಿಯಂ, ತಬಲಾ ಹೆಚ್ಚುಕಮ್ಮಿ ಕೂತಿವೆ. ವಾದ್ಯಗಳಲ್ಲಿ ಉಳಿದಿರುವುದು ತಾಳ, ಅಂದರೆ ಕೈಯಲ್ಲಿ ಹಿಡಿದು ಬಡಿಯುವ ಲೋಹದ ಬಿಲ್ಲೆಗಳು.

ತಾಳದ್ದೇ ದೊಡ್ಡ ಕೆಲಸ. 2ರಿಂದ 5 ಕಿಲೋಹರ್ಟ್ಸ್ (ಸದ್ದು ಎಷ್ಟು ಕೀಚಲು ಅನ್ನುವುದರ ಅಳತೆ) ನಡುವಿನ ಸದ್ದಿಗೆ ನಮ್ಮ ಕಿವಿ ತುಂಬಾ ಚುರುಕು. ತಾಳದ ಪೆಟ್ಟು ಅಲ್ಲೂ ಬೀಳುತ್ತದೆ, ಅದರ ಮೇಲೂ ಹರಡುತ್ತದೆ. ಹಾಡಿನ ಅಕ್ಷರ ಬಿಡಿಬಿಡಿಯಾಗಿ ಕೇಳಬೇಕಾದರೂ ಅದೇ ಜಾಗ ಬೇಕು. ತತ್ವಪದದಲ್ಲಿ ಮಾತು ಕೇಳದಿದ್ದರೆ ಉಳಿಯುವುದೇನು, ಅಲ್ವಾ? ಆದರೆ ಒಂದೇ ನುಡಿಯನ್ನು ಲೂಪ್ ಹಾಕಿ ಕೇಳ್ತಾ ಕೂತರೆ ಕಿವಿ ಒಗ್ಗಿಬಿಡುತ್ತದೆ. ಚುಚ್ಚುತ್ತಿದ್ದ ತಾಳ ಸರಿಯಾಗೇ ಇದೆ ಅನ್ನಿಸುತ್ತದೆ, ದನಿ ಮಂಕು ಅನ್ನಿಸುತ್ತದೆ. ಆ ಹೊತ್ತಿನ ತೀರ್ಮಾನ ನಂಬಬಾರದು.

ಅದಕ್ಕೇ ಮುಕ್ಕಾಲು ಗಂಟೆಗೊಮ್ಮೆ ಫೋನ್ ವೈಬ್ರೇಟ್ ಆಗುವಂತೆ ಇಟ್ಟಿದ್ದೇನೆ. ಚೆನ್ನಾಗಿ ನಡೀತಿದ್ದರೂ ಏಳುತ್ತೇನೆ. ದಣಿವು ಗೊತ್ತಾಗುವ ಹೊತ್ತಿಗೆ ಕಿವಿ ಆಗಲೇ ಮಂದವಾಗಿರುತ್ತದೆ. ಬಿಡುವು ಅಂದರೆ ರೀಲ್ಸ್ ಇಲ್ಲ, ಟಿವಿ ಇಲ್ಲ. ಬಸ್ ಸ್ಟ್ಯಾಂಡ್ ಕಡೆ ಚಹಾಕ್ಕೂ ಹೋಗಲ್ಲ, ಅಲ್ಲಿನ ಹಾರ್ನ್ ಸದ್ದು ಬೇರೆ. ಮಾಳಿಗೆ ಮೇಲೆ ಹತ್ತು ಹದಿನೈದು ನಿಮಿಷ ಸುಮ್ನೆ ಕೂರುವುದು.

ವಾಪಸ್ ಬಂದ ಮೇಲಿನ ಮೊದಲ ನಿಮಿಷ ಬಂಗಾರ. ಮೌಸ್ ಮುಟ್ಟದೆ ಪದವನ್ನು ಮೊದಲಿಂದ ಹಾಕಿ, ಅನ್ನಿಸಿದ್ದನ್ನು ನೋಟ್‌ಬುಕ್ಕಿಗೆ ಇಳಿಸುತ್ತೇನೆ. ನಿನ್ನೆಯ ಪುಟದಲ್ಲಿರುವುದು ಇಷ್ಟು: "ಎರಡನೇ ನುಡಿ, ತಾಳ ಮುಂದೆ ಬಂದಿದೆ. ಹಿಮ್ಮೇಳ ದೂರ." ತಾಳವನ್ನು 4 ಕಿಲೋಹರ್ಟ್ಸ್ ಹತ್ತಿರ ಸ್ವಲ್ಪ ಇಳಿಸಿದೆ. ದನಿಯನ್ನು ಏರಿಸದೆಯೇ ಮಾತು ಮೇಲೆ ಬಂತು. ತುಂಬಾ ಖುಷಿಯಾಯಿತು.

ಬೇಸಿಗೆಯ ತೊಂದರೆ ಫ್ಯಾನಿನದು. ಅದರ ಸದ್ದಿನಲ್ಲಿ ಏಕತಾರಿಯ ಝೇಂಕಾರ ಮುಚ್ಚಿಹೋಗುತ್ತದೆ, ವಾಲ್ಯೂಮ್ ಏರಿಸಬೇಕಾಗುತ್ತದೆ. ಜೋರಾದಷ್ಟೂ ಕಿವಿ ಬೇಗ ಸೋಲುತ್ತದೆ. ಅಮೆರಿಕದ ನಿಯೋಶ್ ಸಂಸ್ಥೆ ಕೆಲಸದ ಜಾಗಕ್ಕೆ ಹೇಳಿರುವ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. 3 ಡೆಸಿಬೆಲ್ ಏರಿದರೆ ಹೊತ್ತು ಅರ್ಧ: 88ಕ್ಕೆ 4 ಗಂಟೆ, 91ಕ್ಕೆ 2. ಮಿಕ್ಸಿಂಗ್‌ಗೆ ಅಷ್ಟು ಜೋರು ಬೇಕಾಗಿಯೂ ಇಲ್ಲ. ನಾನು 70ರ ಆಸುಪಾಸು ಇಡುತ್ತೇನೆ. ಬೆಳಗಿನ ತಂಪಿನಲ್ಲಿ ಫ್ಯಾನ್ ಆಫ್ ಮಾಡಿ ಕೂತರೆ ಅಷ್ಟು ಸಾಕು.

ತಬಲಾ ಜೋಡಿಯಲ್ಲಿ ತಗ್ಗು ದನಿಯ ಡಗ್ಗಾ ಮಾತ್ರ ಎರಡು ಮಟ್ಟದಲ್ಲಿ ಕೇಳಿ ನೋಡಬೇಕು. ಜೋರಾಗಿ ಹಾಕಿದರೆ ತುಂಬಿ ಬರುತ್ತದೆ, ಇಳಿಸಿದರೆ ತೆಳುವಾಗುತ್ತದೆ. ಸದ್ದು ಇಳಿದಂತೆ ತಗ್ಗು ದನಿ ಕಿವಿಗೆ ಕಡಿಮೆ ಕೇಳುವ ಈ ಗುಣವನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದರು.

ಮುಂದಿನ ಕೆಲಸ ಹಿಮ್ಮೇಳ. ಆಮೇಲೆ ಮೇಳದ ಹಿರಿಯರಿಗೆ ಅವರ ಫೋನಿನಲ್ಲೇ ಕೇಳಿಸುತ್ತೇನೆ. ಅವರು ಇದನ್ನು ಲೂಪ್‌ನಲ್ಲಿ ಕೇಳಿದವರಲ್ಲ. ತಾಳ ಜಾಸ್ತಿ ಆಯ್ತು ಅಂದರೆ ಇನ್ನೂ ಇಳಿಸುವುದೇ.