ಹೊಡೆತ ತಿಂದವಳು ಬೇಕಿಲ್ಲದ ಕೋರ್ಟು

ಈ ವಾರ ಚಿಕ್ಕಮ್ಮನ ಮಗಳ ಜೊತೆ ಸೆಷನ್ಸ್ ಕೋರ್ಟಿಗೆ ಹೋಗಿದ್ದೆ. ಅವಳ ಗಂಡನಿಗೆ (ಭಾವ ಅನ್ನೋಕೆ ಈಗ ಬಾಯಿ ಬರಲ್ಲ) ಮ್ಯಾಜಿಸ್ಟ್ರೇಟ್ ಕೋರ್ಟು 498ಎ (ಹೆಂಡತಿಗೆ ಕ್ರೌರ್ಯ), 323 (ಹೊಡೆದು ನೋಯಿಸಿದ್ದು) ಸೆಕ್ಷನ್‌ಗಳಲ್ಲಿ ಒಂದು ವರ್ಷ ಶಿಕ್ಷೆ ಕೊಟ್ಟಿತ್ತು. ಒಂದು ದಿನವೂ ಒಳಗೆ ಹೋಗಲಿಲ್ಲ, ಪುಣ್ಯಾತ್ಮ. ಶಿಕ್ಷೆ ಮೂರು ವರ್ಷ ಮೀರದಿದ್ದರೆ, ಮೊದಲೇ ಜಾಮೀನಿನ ಮೇಲಿದ್ದವನು ಅಪೀಲು ಹಾಕ್ತೀನಿ ಅಂದರೆ ಸಾಮಾನ್ಯವಾಗಿ ಅದೇ ಕೋರ್ಟು ಬಿಟ್ಟು ಕಳಿಸುತ್ತದೆ. ಆಮೇಲೆ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ, ಅದು ಮುಗಿಯೋವರೆಗೆ ಶಿಕ್ಷೆ ಅಮಾನತು, ಅಂದರೆ ತಡೆ.

ಬೆಂಚ್ ಕ್ಲರ್ಕ್ ಅಕ್ಕನನ್ನು ಕೇಳಿದರು, "ನೀವು ಯಾರಮ್ಮ?"

"ಪಿ.ಡಬ್ಲ್ಯೂ. ಒಂದು, ಸರ್." ಅಂದರೆ ಸರ್ಕಾರದ ಕಡೆಯ ಮೊದಲನೇ ಸಾಕ್ಷಿ.

"ಅಪೀಲಲ್ಲಿ ಸಾಕ್ಷಿ ಇರಲ್ಲಮ್ಮ. ಬರೀ ವಾದ. ನೀವು ಬರಬೇಕಂತೇನಿಲ್ಲ."

ಒಳ್ಳೆ ಮನುಷ್ಯ, ಮೆತ್ತಗೇ ಹೇಳಿದರು. ಜೋರು ಮಾಡಿದ್ದರೆ ಜಗಳ ಆಡಬಹುದಿತ್ತು. ನೀವು ಬರಬೇಕಂತೇನಿಲ್ಲ! ಅಕ್ಕನ ಬ್ಯಾಗಲ್ಲಿ ವೂಂಡ್ ಸರ್ಟಿಫಿಕೇಟಿನ (ಗಾಯದ ಬಗ್ಗೆ ಡಾಕ್ಟರು ಕೊಟ್ಟ ಪತ್ರ) ಜೆರಾಕ್ಸ್ ಇತ್ತು, ಲ್ಯಾಮಿನೇಟ್ ಮಾಡಿಸಿದ್ದು. ಹೊರಗೆ ಹಾಕಿದ್ದ ಪಟ್ಟಿಯಲ್ಲಿ ಒಂದು ಕಡೆ ಅವನ ಹೆಸರು, ಇನ್ನೊಂದು ಕಡೆ ಕರ್ನಾಟಕ ರಾಜ್ಯ. ಹೊಡೆತ ತಿಂದದ್ದು ಸರ್ಕಾರವಾ?

ಅವನ ವಕೀಲರದ್ದು ಹಳೇ ರಾಗ. ದೂರು ತಡವಾಗಿದೆ, ಗಾಯ ಸಣ್ಣದು, ಸಾಕ್ಷಿಗಳೆಲ್ಲ ಹೆಣ್ಣಿನ ಕಡೆಯ ನೆಂಟರು. ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯಲ್ಲಿ ನೆಂಟರಲ್ಲದೆ ಇನ್ಯಾರು ಇರ್ತಾರೆ ಸ್ವಾಮಿ? ಅತ್ತೆಯಂತೂ ಮಗ ಗೆದ್ದೇ ಬಿಟ್ಟ ಅನ್ನೋ ಹಾಗೆ ಕೂತಿದ್ದರು. ಅಮಾನತಾಗಿರೋದು ಶಿಕ್ಷೆ ಮಾತ್ರ, ತಪ್ಪಿತಸ್ಥ ಅನ್ನೋ ತೀರ್ಪು ಇನ್ನೂ ಹಾಗೇ ಇದೆ ಅಂತ ಅವರಿಗೆ ಯಾರು ಹೇಳಬೇಕು?

ಅಪೀಲು ಬೇಡ ಅನ್ನಲ್ಲ. ಕೆಳಗಿನ ಕೋರ್ಟೂ ತಪ್ಪು ಮಾಡಬಹುದು, ನಾಳೆ ನನ್ನ ತಮ್ಮನೇ ಆ ಜಾಗದಲ್ಲಿದ್ದರೆ ಮೊದಲು ಓಡೋದು ನಾನೇ. ಆದರೆ ವರ್ಷಗಟ್ಟಲೆ "ಸಾಕ್ಷಿ ಬಾರದಿದ್ದರೆ ಕೇಸು ಬಿದ್ದುಹೋಗುತ್ತೆ" ಅಂತ ಹೆದರಿಸಿ, ಆಫೀಸಿಗೆ ರಜೆ ಹಾಕಿಸಿ, ಅದೇ ಪ್ರಶ್ನೆ ಹತ್ತು ಸಲ ಕೇಳಿ, ಈಗ ಏಕಾಏಕಿ ನೀವು ಬರಬೇಕಂತೇನಿಲ್ಲ ಅಂದರೆ ಹೇಗೆ?

ಮನೆಗೆ ಬಂದು ಪರಿಚಯದ ವಕೀಲೆಗೆ ಫೋನ್ ಮಾಡಿದೆ. ಸರ್ಕಾರಿ ವಕೀಲರಿಗೆ ನೆರವಾಗೋಕೆ ಅಂತ ನೊಂದವರೂ ತಮ್ಮ ವಕೀಲರನ್ನು ಇಡಬಹುದಂತೆ, ಕೋರ್ಟಿನ ಅನುಮತಿ ಬೇಕು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಉಚಿತ. ಅವನು ಖುಲಾಸೆ ಆದರೂ ಅದರ ಮೇಲೆ ಅಪೀಲು ಹಾಕೋ ಹಕ್ಕು ಅವಳಿಗೆ, 2009ರಲ್ಲಿ ಜಾರಿಗೆ ಬಂದ ಕಾನೂನು ತಿದ್ದುಪಡಿಯಿಂದಲೇ ಇದೆ. ಇಷ್ಟು ವರ್ಷದಲ್ಲಿ ಇದನ್ನು ಒಬ್ಬರೂ ಹೇಳಿರಲಿಲ್ಲ.

ಅಕ್ಕನಿಗೆ ಹೇಳಿದೆ. "ಹಾಗಾದ್ರೆ ಸೋಮವಾರವೇ ಹೋಗೋಣ, ಆಧಾರ್ ಬೇಕಾಗುತ್ತಾ?" ಅಂದಳು.